ಅಪ್ಪನ ಹೆಸರಿನ ಇರುವೆ

ನಮ್ಮಪ್ಪ ಕಿಗ್ಗುಂಡು ಮಸಾಕಾದ ತಮ್ಮ ಮನೆಯ ಬಾಗಿಲ ಚೌಕಟ್ಟನ್ನು ಇರುವೆ ಕೊರೆಯುವುದನ್ನು ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಔಷಧ ಹೊಡೆಯಲು ಬಂದವನನ್ನು ವಾಪಸು ಕಳಿಸಿದ್ದರು. ಅವು ಅವರ ಹೆಸರಿನ ಇರುವೆಗಳು. ಕಂಪಾಲದ ಸಂಗ್ರಹಾಲಯದಲ್ಲಿ ಇರುವೆಗಳ ಜಾತಿ ಗುರುತಿಸಿ ಹೆಸರಿಡುವುದು ನನ್ನ ಕೆಲಸ. ಈ ದಪ್ಪತಲೆಯ ಬಡಗಿ ಇರುವೆಗೆ ಅಪ್ಪನ ಹೆಸರಿಟ್ಟವಳು ನಾನೇ. ನಮ್ಮ ಜನರಲ್ಲಿ ಹೆಸರು ಬೆಡಗಿನ, ಅಂದರೆ ವಂಶದ, ಸ್ವತ್ತು; ಹೊರಗಿನವರಿಗೆ ಕೊಡುವಂತಿಲ್ಲ. ಹಾಗಾಗಿ ಅಪ್ಪ ಬೆಡಗಿನ ಹಿರಿಯರಿಗೆ ಕೋಳಿ ಒಯ್ದು ಕೊಟ್ಟು ಇರುವೆಗೂ ಒಪ್ಪಿಗೆ ತಂದಿದ್ದರು. ಆಮೇಲೆ ಮಸಾಕಾದಲ್ಲಿ ಈ ಸುದ್ದಿ ಹೇಳದೆ ಅವರು ಯಾರ ಮದುವೆ ಊಟದಿಂದಲೂ ಎದ್ದವರಲ್ಲ.

ಭಾನುವಾರ ಹೋದಾಗ ಅಪ್ಪ ಬಾಗಿಲಲ್ಲೇ ನಿಲ್ಲಿಸಿದರು.

"ಬಾ ಮಗಳೆ, ನಿನ್ನ ತಂಗಿಯರನ್ನ ನೋಡು."

ನೋಡಿದೆ. ತೂತಿನಿಂದ ದಪ್ಪತಲೆಯವು ಬಂದವು. ಅವುಗಳ ಹಿಂದೆಯೇ ಸಣ್ಣತಲೆಯವೂ ಬಂದವು. ದೊಡ್ಡದೊಂದು ಸಣ್ಣದರ ಬಾಯಿಗೆ ತುತ್ತು ಕೊಟ್ಟಿತು. ಒಂದೇ ಗೂಡು, ಒಂದೇ ತಾಯಿಯ ಮಕ್ಕಳು. ಆ ಸಣ್ಣದಕ್ಕೆ ಜರ್ಮನಿಯವನೊಬ್ಬ ನಾನು ಹುಟ್ಟುವ ಮೊದಲೇ 'ಸಣ್ಣತಲೆಯದು' ಎಂಬರ್ಥದ ಹೆಸರಿಟ್ಟಿದ್ದ. ಅವನಿಗೆ ದೊಡ್ಡದು ಸಿಕ್ಕಿರಲಿಲ್ಲ, ನನಗೆ ಸಣ್ಣದು ಸಿಕ್ಕಿರಲಿಲ್ಲ. ಒಂದು ಜಾತಿಗೆ ಎರಡು ಹೆಸರಾದರೆ ಹಳೆಯದೇ ಉಳಿಯುತ್ತದೆ, ನಾನಿಟ್ಟ ಅಪ್ಪನ ಹೆಸರು ಬಿದ್ದುಹೋಗುತ್ತದೆ.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಪ್ಪನ ಬಾಗಿಲು ನೋಡಲು ಯಾವ ವಿಜ್ಞಾನಿಯೂ ಬರುವುದಿಲ್ಲ. ಊಟಕ್ಕೆ ಕೂತು, ಬಾಳೆಕಾಯಿ ಬೇಯಿಸಿ ಹಿಸುಕಿದ ಮಟೋಕೆಯನ್ನು ಅರ್ಧ ತಟ್ಟೆ ಮುಗಿಸಿದೆ. ಆಮೇಲೆ ಹೇಳಿದೆ.

ಅಪ್ಪ ಶೇಂಗಾ ಸಾರು ಬಡಿಸಿಕೊಂಡರು. ತಮ್ಮ ಹೆಸರನ್ನು ಇನ್ನೊಂದು ಬಡಗಿ ಇರುವೆಗೆ ಇಡಬಹುದೇ ಎಂದು ಕೇಳಿದರು. ಒಮ್ಮೆ ಬಿದ್ದುಹೋದ ಹೆಸರನ್ನು ಆ ಇರುವೆಗಳ ಕುಲದಲ್ಲಿ ಮತ್ತೆ ಇಡುವಂತಿಲ್ಲ ಎಂದೆ. ಜರ್ಮನಿಯವನು ಯಾರಿಗಾದರೂ ಕೋಳಿ ಕೊಟ್ಟಿದ್ದನೇ ಎಂದು ಕೇಳಿದರು. ಇಲ್ಲ ಎಂದೆ.

"ಆದ್ರೂ ಮೊದಲು ಇಟ್ಟೋನು ಅವನೇ ತಾನೆ?"

"ಹೌದಪ್ಪ."

"ಹಂಗಾದ್ರೆ ಅವನದ್ದೇ. ಕೂಸು ಬೇರೆ ಬೆಡಗಿಂದು ಅಂತ ಗೊತ್ತಾದ್ರೆ ನಾವು ಹೆಸರು ವಾಪಸ್ ತಗೊಳಲ್ವಾ? ಹಂಗಂತ ಬರಿ."

ಊಟ ಮುಗಿಸಿ ದೊಡ್ಡವು, ಸಣ್ಣವು ಎರಡನ್ನೂ ಪುರಾವೆಗೆಂದು ಹಿಡಿದು ಸ್ಪಿರಿಟ್ ತುಂಬಿದ ಶೀಶೆಗೆ ಹಾಕಿದೆ. ಶೀಶೆ ಹಿಡಿದುಕೊಂಡವರು ಅಪ್ಪನೇ. ಅದರ ಮುಚ್ಚಳ ತಿರುಗಿಸಿ ನನ್ನ ಕೈಗಿಟ್ಟು, ಚೌಕಟ್ಟನ್ನು ಬೆರಳಿನಿಂದ ತಟ್ಟಿದರು. ಹೊಟ್ಟು ಉದುರಿತು. ಪಕ್ಕದ ಮನೆಯ ನಕಾಟೊಳನ್ನು ಕೂಗಿ, ಔಷಧ ಹೊಡೆಯುವವನ ನಂಬರು ಇದೆಯೇ ಎಂದು ವಿಚಾರಿಸಿದರು.

"ಇಷ್ಟು ದಿನ ನೆಂಟರು ಅಂತ ಸುಮ್ನಿದ್ದೆ" ಎಂದರು ನನಗೆ.