ನಿವಾಳಿಸದೆ ಒಡೆದ ಕುಂಬಳಕಾಯಿ

ತೊಂಡೇಬಾವಿಯಿಂದ ಗೌರಿಬಿದನೂರಿಗೆ ಹೋಗುವ ರಸ್ತೆಯಲ್ಲಿ ಮೋಹನ್‌ಬಾಬು ಅವರ ಪಶು ಆಹಾರದ ಮಿಲ್ಲಿದೆ. ಮುಸುಕಿನ ಜೋಳ ಬೀಸುತ್ತಾರೆ. ನಾನು ಅಲ್ಲಿ ಲ್ಯಾಬ್ ನೋಡಿಕೊಳ್ಳುತ್ತಿದ್ದೆ, ನನ್ನ ತಮ್ಮ ಮುನೇಶ್ ಬೀಸುವ ಮಷೀನು ನಡೆಸುತ್ತಿದ್ದ. ಆ ಮಿಲ್ಲಿನಲ್ಲಿ ವರ್ಷವಿಡೀ ಯಾರೂ ಪೊರಕೆ ಮುಟ್ಟುತ್ತಿರಲಿಲ್ಲ. ತೊಲೆ, ಪೈಪು, ಟ್ಯೂಬ್‌ಲೈಟು, ಎಲ್ಲದರ ಮೇಲೂ ಬೆರಳುದಪ್ಪ ಹಿಟ್ಟು. ಸ್ವಚ್ಛ ಮಾಡುವುದೆಂದರೆ ಆಯುಧಪೂಜೆಗೆ ಮಾತ್ರ. ಅದೂ ದೇವರ ಮೇಲಿನ ಭಕ್ತಿಗಲ್ಲ, ಬರುವ ನೆಂಟರು ಏನಂದಾರು ಅಂತ.

ಹಿಟ್ಟು ಗಾಳಿಯಲ್ಲಿ ತುಂಬಿಕೊಂಡಾಗ ಒಂದು ಕಿಡಿ ಬಿದ್ದರೂ ಬಾಂಬಿನಂತೆ ಸಿಡಿಯುತ್ತದೆ ಎಂದು ನಾನು ಹಿಂದೆಯೇ ಹೇಳಿದ್ದೆ. ಮೋಹನ್‌ಬಾಬು ಹೊಟ್ಟೆ ಕುಣಿಸಿ ನಕ್ಕಿದ್ದರು.

"ಏನಮ್ಮಾ ಕಲ್ಯಾಣಿ, ಹಿಟ್ಟು ಪಟಾಕಿನಾ? ನಮ್ಮಮ್ಮ ಒಲೆ ಮುಂದೇನೇ ಕೂತು ಹಿಟ್ಟು ಜರಡಿ ಹಿಡೀತಿದ್ರು. ಮನೆ ಇನ್ನೂ ಅಲ್ಲೇ ಐತೆ. ಸರ್ಲೇಮ್ಮಾ, ಹೋಗು ನಿನ್ ಕೆಲಸ ನೋಡು."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನನ್ನ ತಮ್ಮ.

ಈ ಸಲದ ಆಯುಧಪೂಜೆಗೆ ನೆಂಟರ ಕಾರುಗಳು ಬೇಗನೇ ಬಂದುಬಿಟ್ಟವು. ಒಳಗೆ ಇನ್ನೂ ಹಿಟ್ಟಿನ ರಾಶಿ. ಯಜಮಾನರ ಬುದ್ಧಿ ಆಗ ಚುರುಕಾಯಿತು. ಕಂಪ್ರೆಸರಿನ ಗಾಳಿ ಪೈಪು ಹಿಡಿದು ತೊಲೆಗಳ ಮೇಲಿನ ಹಿಟ್ಟನ್ನೆಲ್ಲ ಊದಿಸಿದರು. ಅಂಗಳದಲ್ಲಿದ್ದ ನೆಂಟರ ರೇಷ್ಮೆ ಸೀರೆಗಳ ಮೇಲೆ ಧೂಳು ಬೀಳಬಾರದೆಂದು ಶಟರ್ ಇಳಿಸಿ, ಕಿಟಕಿಗಳನ್ನೂ ಮುಚ್ಚಿಸಿದರು. ಮಷೀನು ಫಳಫಳ ಹೊಳೆಯಿತು. ಹಿಟ್ಟೆಲ್ಲ ಗಾಳಿಯಲ್ಲಿತ್ತು.

ಮಷೀನು ನಡೆಸುವವನೇ ಅದಕ್ಕೆ ಕುಂಬಳಕಾಯಿ ನಿವಾಳಿಸಬೇಕು ಎನ್ನುವುದು ಅಲ್ಲಿನ ಪದ್ಧತಿ. ಕಾಯಿಯ ಮೇಲೆ ಕರ್ಪೂರ ಹಚ್ಚಿ, ಮಷೀನಿನ ಮುಂದೆ ಮೂರು ಸುತ್ತು ತಿರುಗಿಸಿ, ಬಾಗಿಲಲ್ಲಿ ಒಡೆಯಬೇಕು. ಆ ಗೌರವ ಈ ವರ್ಷ ಮುನೇಶನಿಗೆ. ಅದಕ್ಕೆಂದೇ ಹೊಸ ಶರ್ಟು ಹಾಕಿಕೊಂಡಿದ್ದ. ನಾನು ಪಕ್ಕದ ಬಾಗಿಲಿನಿಂದ ಒಳಗೆ ಬಂದಾಗ ಎದುರಿಗಿದ್ದವರ ಮುಖ ಕಾಣದಷ್ಟು ಹಿಟ್ಟು. ಆ ಬಿಳಿಯ ನಡುವೆ ನನ್ನ ತಮ್ಮ, ಕೈಯಲ್ಲಿ ಬೆಂಕಿಪೊಟ್ಟಣ.

ಮಾತಾಡುವ ಹೊತ್ತಲ್ಲ ಅದು. ಕಾಯಿಯನ್ನೂ ಬೆಂಕಿಪೊಟ್ಟಣವನ್ನೂ ಕಿತ್ತುಕೊಂಡು ಅಂಗಳಕ್ಕೆ ಓಡಿ, ಕಾಯಿಯನ್ನು ನೆಲಕ್ಕೆ ಅಪ್ಪಳಿಸಿದೆ.

"ಅಕ್ಕಾ! ಏನ್ ಮಾಡ್ತಿದ್ದೀಯ? ಮಾನ ಕಳೀತಿದ್ದೀಯಲ್ಲೇ!" ಮುನೇಶ್ ಕಿರುಚುತ್ತ ಹಿಂದೆಯೇ ಬಂದ. ಜಗಳ ನೋಡಲು ಒಳಗಿದ್ದವರೆಲ್ಲ ಹೊರಬಂದರು. ಜನರ ಜೀವ ಉಳಿಸುವುದಕ್ಕೆ ಬುದ್ಧಿಮಾತಿಗಿಂತ ಬೀದಿಜಗಳವೇ ಮೇಲು ಎಂದು ನನಗೆ ಅವತ್ತು ಗೊತ್ತಾಯಿತು.

"ಶುಭದಿನ ಅಪಶಕುನ ಮಾಡಿದ್ಳು!" ಎಂದು ಮೋಹನ್‌ಬಾಬು ಹಲ್ಲು ಕಡಿದರು. "ಆರತಿಯಾದ್ರೂ ನಾನೇ ಮಾಡ್ತೀನಿ, ತತ್ತಾ ಇಲ್ಲಿ." ಅಂಗಳದಲ್ಲೇ ಕರ್ಪೂರ ಹಚ್ಚಿದ್ದ ತಟ್ಟೆ ಹಿಡಿದು ಹೊರಟರು. "ಸಾರ್, ಬೇಡ" ಎಂದು ನಾನು ಕೂಗಿದ್ದಕ್ಕೆ ತಿರುಗಿಯೂ ನೋಡಲಿಲ್ಲ. ಪಕ್ಕದ ಬಾಗಿಲು ತೆರೆದು ತಟ್ಟೆಯನ್ನು ಒಳಗೆ ಚಾಚಿದರು.

ಮೊದಲು ಬೆಳಕು, ಆಮೇಲೆ ಸದ್ದು. ಶಟರ್ ಕಿತ್ತು ಬಂತು, ಛಾವಣಿಯ ಶೀಟುಗಳು ಪಕ್ಕದ ಹೊಲಕ್ಕೆ ಹಾರಿದವು. ಯಜಮಾನರು ಅಂಗಳಕ್ಕೆ ಬಂದು ಬಿದ್ದರು. ಮುಖ, ಕೈ ಸುಟ್ಟಿದ್ದವು, ಹುಬ್ಬುಗಳ ಗುರುತೂ ಇರಲಿಲ್ಲ. ಪುಣ್ಯಕ್ಕೆ ಜೀವಕ್ಕೇನೂ ಆಗಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು ಅಂತ ಗಾದೆ. ಇವರಿಗೆ ಆಗಲೂ ಬರಲಿಲ್ಲ. ಆಸ್ಪತ್ರೆಗೆ ನೋಡಲು ಹೋದವರಿಗೆಲ್ಲ ಬ್ಯಾಂಡೇಜಿನೊಳಗಿಂದ ಒಂದೇ ಮಾತು: "ನಿವಾಳಿಸ್ದೇನೇ ಕಾಯಿ ಒಡೆದ್ಬಿಟ್ಳು. ದೃಷ್ಟಿಯೆಲ್ಲಾ ಒಳಗೇ ಉಳ್ಕೊಂತು." ಊರಿಗೆ ಊರೇ ಅದನ್ನು ನಂಬಿತು. ನನ್ನ ಕೆಲಸ ಹೋಯಿತು. ಹೋಗಲಿ ಬಿಡಿ.

ಆಸ್ಪತ್ರೆಯಿಂದ ಬೈಕಿನಲ್ಲಿ ವಾಪಸು ಬರುವಾಗ ಮುನೇಶ್ ಮೆಲ್ಲಗೆ ಹೇಳಿದ, "ಅಕ್ಕ, ನಂಗೆ ನಿವಾಳಿಸೋಕೆ ಬಿಟ್ಟಿದ್ರೆ ಇದೆಲ್ಲಾ ಆಗ್ತಿರ್ಲಿಲ್ವೇನೋ."

ಕನ್ನಡಿಯಲ್ಲಿ ಅವನ ಮುಖ ಕಾಣುತ್ತಿತ್ತು. ಎರಡು ಹುಬ್ಬೂ ನೆಟ್ಟಗಿದ್ದವು. ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು, ಅದರ ಹಿಂದೆಯೇ ಅಳು ಬಂತು.

ಮಿಲ್ಲು ಈಗ ರಿಪೇರಿಯಾಗಿದೆ. ಮಷೀನು ಮತ್ತೆ ಶುರು ಮಾಡಲು ನಾಳೆ ಪೂಜೆ. ಈ ಸಲ ದೊಡ್ಡ ಕುಂಬಳಕಾಯಿಯನ್ನೇ ತರಿಸಿದ್ದಾರಂತೆ. ನಿವಾಳಿಸಲು ಮುನೇಶನನ್ನೇ ಕರೆದಿದ್ದಾರೆ. ಮನೆಯಲ್ಲಿ ಕೂತು ಅದೇ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದಾನೆ.