ಮೇಣದಬತ್ತಿ ಹಚ್ಚುವವರ ಮುಖ

"ಸ್ವಲ್ಪ ನಗಿ ಅಮ್ಮಾ. ಜೋರಾಗಲ್ಲ, ಫೋಟೋಗೆ ನಕ್ಕ ಹಾಗೆ."

ಯಂಗ್‌ನಾನ್ ನಕ್ಕಳು. ಚರ್ಮದ ಕ್ಲಿನಿಕ್ಕಿನ ಸಲಹೆಗಾರ್ತಿ ಪ್ಯೊ ಎರಡು ಬೆರಳಿನಿಂದ ಅವಳ ಕೆನ್ನೆಯನ್ನು ಕಿವಿಯ ಕಡೆಗೆ ಮೆಲ್ಲಗೆ ಎಳೆದು, ಬಿಟ್ಟು, ಮತ್ತೆ ಎಳೆದಳು. ಕನ್ನಡಿಯಲ್ಲಿ ಬಾಯಿಯ ಪಕ್ಕದ ಗೆರೆ ಹೋಯಿತು, ಬಂತು.

"ನಿಮ್ಮದು ತೆಳು ಚರ್ಮ. ಕೆನ್ನೇಲಿ ಕೊಬ್ಬೂ ಇಲ್ಲ. ಚರ್ಮ ಬಿಗಿ ಮಾಡೋ ಅಲ್ಟ್ರಾಸೌಂಡ್ ಜಾಸ್ತಿ ಕೊಟ್ರೆ ಗುಳಿ ಬೀಳತ್ತೆ, ಕಾಯಿಲೆಯಿಂದ ಎದ್ದೋರ ಥರ ಕಾಣ್ತೀರಿ. ಅದು ನಲವತ್ತರ ದುಂಡು ಮುಖದೋರಿಗೆ ಸರಿ. ನಿಮ್ಮ ವಯಸ್ಸಿಗೆ ರೇಡಿಯೋ ತರಂಗದ ಶಾಖ ಒಳ್ಳೇದು. ದವಡೆ ಅಂಚಿಗೆ ಮಾತ್ರ ಅಲ್ಟ್ರಾಸೌಂಡ್, ಸ್ವಲ್ಪ."

"ಅಷ್ಟು ಸಾಕಾಗತ್ತಾ?"

"ಅದು ಯಾತಕ್ಕೆ ಅನ್ನೋದ್ರ ಮೇಲೆ. ಮದುವೆಗೆ ಬಂದು ಮೂರನೇ ಸಾಲಲ್ಲಿ ಕೂತು ಊಟ ಮಾಡ್ಕೊಂಡು ಹೋಗೋಕಾದ್ರೆ ಧಾರಾಳ."

"ಮಗಳ ಮದುವೆ. ಅಕ್ಟೋಬರ್‌ನಲ್ಲಿ."

"ಅಯ್ಯೋ, ವಧುವಿನ ತಾಯಿನಾ! ಮೊದ್ಲೇ ಹೇಳ್ಬಾರ್ದಾ?" ಪ್ಯೊ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಬೀಗಿತ್ತಿ ಕೈ ಹಿಡ್ಕೊಂಡು ವೇದಿಕೆ ಹತ್ತಿ ಮೇಣದಬತ್ತಿ ಹಚ್ಚಬೇಕು. ಕ್ಯಾಮೆರಾ ನಿಮ್ಮ ಮುಖದ ಮೇಲೇ ಇರತ್ತೆ, ಹಿಂದೆ ಗೋಡೆಯಷ್ಟು ಅಗಲದ ಪರದೆ. ಚರ್ಮಾನ ಒಳಗಿಂದ ಎತ್ತಿ ಹಿಡಿಯೋ ದಾರಾನೂ ಹಾಕಿಸ್ಬಿಡಿ. ಈಗ ಆಗಸ್ಟ್. ಊತ, ನೀಲಿ ಕಲೆ ಎಲ್ಲಾ ಇಳಿದು ಮದುವೆ ಹೊತ್ತಿಗೆ ಸರಿಯಾಗಿ ಕೂತಿರತ್ತೆ. ಬೀಗಿತ್ತಿ ಏನೇನು ಮಾಡಿಸ್ಕೊಂಡು ಬರ್ತಾರೋ ಯಾರಿಗ್ಗೊತ್ತು?"

"ಸರಿ, ದಾರಾನೂ ಹಾಕಿ," ಎಂದಳು ಯಂಗ್‌ನಾನ್.

ವೇದಿಕೆಯ ಪಕ್ಕದಲ್ಲಿ ವಧುವಿನ ತಂದೆತಾಯಿಗೆಂದು ಎರಡು ಕುರ್ಚಿ ಹಾಕುತ್ತಾರೆ. ಒಂದರಲ್ಲಿ ಅವಳ ಮಾಜಿ ಗಂಡ ಕೂರುವುದು ಖಚಿತವಾಗಿತ್ತು. ಇನ್ನೊಂದರ ಬಗ್ಗೆ ಯಾರೂ ಬಾಯಿ ಬಿಟ್ಟಿರಲಿಲ್ಲ. ವಿಚ್ಛೇದನವಾದಾಗ ಮಗಳು ದಸೊಮ್‌ಗೆ ಎಂಟು ವರ್ಷ. ಮಗು ತಂದೆಯ ಮನೆಯಲ್ಲೇ ಉಳಿಯಿತು. ಮರುವರ್ಷ ಅಲ್ಲಿಗೆ ಇನ್ನೊಬ್ಬಳು ಬಂದಳು. ಯಂಗ್‌ನಾನ್ ಅವಳನ್ನು ಎಂದೂ ನೋಡಿರಲಿಲ್ಲ, ಹೆಸರು ಕೇಳಿರಲಿಲ್ಲ. ಹೋದ ವಾರ ದಸೊಮ್ ಫೋನ್ ಮಾಡಿ, "ಅಮ್ಮಾ, ಅಪ್‌ಗುಜೊಂಗ್‌ನಲ್ಲಿ ಒಂದು ಕ್ಲಿನಿಕ್ ಬುಕ್ ಮಾಡಿದೀನಿ, ಬುಧವಾರ ಹೋಗಿ ಮುಖಕ್ಕೆ ಏನು ಬೇಕೋ ಮಾಡಿಸ್ಕೋ, ಮದುವೆ ಉಡುಗೊರೆ ಅನ್ಕೋ," ಎಂದಿದ್ದಳು. ಅದನ್ನೇ ಯಂಗ್‌ನಾನ್ ಕುರ್ಚಿಯ ಉತ್ತರ ಎಂದುಕೊಂಡಳು. ನೆಂಟರ ಮಧ್ಯೆ ಕೂರುವ ಮುಖಕ್ಕೆ ಇಷ್ಟು ಖರ್ಚನ್ನು ಯಾರು ಮಾಡುತ್ತಾರೆ? ಮಂಗಳವಾರ ಅವಳ ಅಂಗಡಿಯಿದ್ದ ಆನ್ಯಾಂಗ್ ಮಾರುಕಟ್ಟೆಗೆ ರಜೆ. ಹಾಗಾಗಿ ತಾನೇ ಕ್ಲಿನಿಕ್‌ಗೆ ಫೋನ್ ಮಾಡಿ ಒಂದು ದಿನ ಮುಂಚೆ, ಮಂಗಳವಾರಕ್ಕೆ ಹಾಕಿಸಿಕೊಂಡಿದ್ದಳು.

ಮರಗಟ್ಟಿಸುವ ಕೋಣೆಯಲ್ಲಿ ಒರಗುಕುರ್ಚಿಗಳು ಸಾಲಾಗಿದ್ದವು. ನರ್ಸ್ ಅವಳ ಮುಖಕ್ಕೆ ದಪ್ಪಗೆ ಬಿಳಿ ಕ್ರೀಮ್ ಬಳಿದು, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿ, ಮೂಗು ಬಾಯಿಗೆ ಜಾಗ ಬಿಟ್ಟು ಹೋದಳು. ಪಕ್ಕದ ಕುರ್ಚಿಯಲ್ಲಿ ಅಂಥದೇ ಇನ್ನೊಂದು ಬಿಳಿ ಮುಖ ಮಲಗಿತ್ತು. ಅದೇ ಗುಲಾಬಿ ಗೌನು, ಅದೇ ತಲೆಪಟ್ಟಿ.

"ಅಕ್ಕಾ, ನಿಮ್ಮದೂ ಮದುವೇನಾ?" ಎಂದಿತು ಆ ಮುಖ.

"ಹ್ಞೂಂ. ಮಗಳದು."

"ನಂದೂ ಮಗಳದೇ. ಹೆತ್ತಿದ್ದು ನಾನಲ್ಲ. ನಾನು ಆ ಮನೆಗೆ ಬಂದಾಗ ಅವಳಿಗೆ ಒಂಬತ್ತು ವರ್ಷ. ಮೂರು ವರ್ಷ ನನ್ನ 'ಆಂಟಿ' ಅಂತಾನೇ ಕರೆದ್ಲು. ನಾನೇನು ಕಮ್ಮಿನಾ, 'ಏನ್ರೀ ಮೇಡಂ, ಊಟಕ್ಕೆ ಬರ್ತೀರಾ' ಅಂತಿದ್ದೆ." ಹೆಂಗಸು ನಕ್ಕಾಗ ಹಾಳೆ ಚರಪರ ಎಂದಿತು. "ನಗಬಾರ್ದು ಅಂದಿದಾರೆ."

"ಹೆತ್ತೋರು?"

"ಇದಾರೆ. ಆನ್ಯಾಂಗ್ ಮಾರ್ಕೆಟ್ಟಲ್ಲಿ ಪಲ್ಯ, ಕಿಮ್ಚಿ ಅಂಗಡಿ ಅವರದು. ಪ್ರತಿ ತಿಂಗಳು ಮಗಳಿಗೆ ಸೌತೆಕಾಯಿ ಕಿಮ್ಚಿ ಕಳಿಸ್ತಾರೆ, ದೊಡ್ಡ ಡಬ್ಬಿ ತುಂಬಾ. ನಮ್ಮ ಹುಡುಗಿಗೆ ಸೌತೆಕಾಯಿ ವಾಸನೇನೇ ಆಗಲ್ಲ. ಹತ್ತು ವರ್ಷದೋಳಿದ್ದಾಗ ಶಾಲೆ ಪಿಕ್‌ನಿಕ್ಕಲ್ಲಿ ತಿಂದು ವಾಂತಿ ಮಾಡ್ಕೊಂಡ್ಲು, ಅವತ್ತಿಂದ ಮುಟ್ಟಲ್ಲ. ಹಾಗಂತ ಎಸೆಯೋಕೂ ಬಿಡಲ್ಲ. 'ನಮ್ಮಮ್ಮ ಮಾಡಿದ್ದು, ನೀವು ತಿನ್ನಿ' ಅಂತಾಳೆ. ನಾನೇ ಖಾಲಿ ಮಾಡೋದು. ಎಂಥಾ ಕೈರುಚಿ ಅಕ್ಕಾ! ಅವರಿಗೆ ಹೇಳೋಣ ಅಂದ್ರೆ ಹೇಗೆ ಹೇಳೋದು?"

ಯಂಗ್‌ನಾನ್ ಚಾವಣಿ ನೋಡುತ್ತಿದ್ದಳು. ಅಲ್ಲಿ ಗಾಳಿ ಬರುವ ಚೌಕದ ಜಾಲರಿ ಇತ್ತು. ಎಂಟು ವರ್ಷದ ದಸೊಮ್ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಉಪ್ಪು ಹಚ್ಚಿದ ಸೌತೆಕಾಯಿಯನ್ನು ಕಟಕಟ ಕಡಿಯುತ್ತಿದ್ದಳು, ಇನ್ನೊಂದು ಕೇಳುತ್ತಿದ್ದಳು. ಕೆನ್ನೆ ಮೊದಲು ತಣ್ಣಗಾಗಿತ್ತು. ಈಗ ಇತ್ತೋ ಇಲ್ಲವೋ ತಿಳಿಯುತ್ತಿರಲಿಲ್ಲ.

"ಮದುವೇಲಿ ತಾಯಿ ಕುರ್ಚಿ?" ಎಂದಳು. ತುಟಿ ದಪ್ಪವಾಗಿ ಮಾತು ತೊದಲಿತು.

"ಹ್ಞಾ, ಅದೇ ತಲೆನೋವು. 'ನೀವೇ ಕೂರ್ಬೇಕು' ಅಂತ ಹುಡುಗಿ ಹಟ. ನಾನಂದೆ, ಮೊದ್ಲು ನಿಮ್ಮಮ್ಮನ್ನ ಕೇಳು, ಅವರು ತಾವೇ ಕೂರ್ತೀನಿ ಅಂತ ಒಂದು ಮಾತಂದ್ರೆ ನಾನು ನೆಂಟರ ಜೊತೆ ಕೂರ್ತೀನಿ ಅಂತ. ಕೇಳೋಕೆ ಅವಳಿಗೆ ಬಾಯಿ ಬರ್ತಿಲ್ಲ. ಅದಕ್ಕೇ ಅವರಿಗೂ ಇಲ್ಲೇ ಬುಕ್ ಮಾಡಿದಾಳೆ, ನಾಳೆಗೆ. ಮೊದ್ಲು ಇದನ್ನ ಕೊಟ್ಬಿಟ್ಟು ಆಮೇಲೆ ವಿಷಯ ಹೇಳ್ತಾಳಂತೆ."

"ನಿಮಗೆ ಕೂರೋ ಆಸೆ ಇದ್ಯಾ?" ಎಂದು ಯಂಗ್‌ನಾನ್ ಕೇಳಿದಳು.

"ಇದೆ ಅಕ್ಕಾ. ಸುಳ್ಳು ಯಾಕೆ ಹೇಳ್ಲಿ."

ಪರದೆ ಸರಿಯಿತು. "ವಧುವಿನ ತಾಯಿ, ಬನ್ನಿ," ಎಂದಳು ನರ್ಸ್. ಎರಡು ಬಿಳಿ ಮುಖಗಳೂ ಮೇಲೆದ್ದವು. "ಓಹೋ, ಇಬ್ರೂನಾ! ಯಾರು ಮೊದ್ಲು?"

ಯಂಗ್‌ನಾನ್ ತಲೆಯನ್ನು ಮತ್ತೆ ದಿಂಬಿಗೆ ಇಟ್ಟಳು. "ಅವರು ಹೋಗ್ಲಿ."

ಅವಳ ಸರದಿ ಬಂದಾಗ ಕ್ರೀಮ್ ಒರೆಸಿದರು. ಪೆನ್ಸಿಲ್ ಹಿಡಿದು ದಾರದ ಗುರುತು ಹಾಕಲು ಬಂದ ಪ್ಯೊಗೆ ಅವಳು ಕೈ ಅಡ್ಡ ಮಾಡಿದಳು.

"ದಾರ ಬೇಡ. ಮೂರನೇ ಸಾಲಿಗೆ ಎಷ್ಟು ಬೇಕೋ ಅಷ್ಟು ಮಾಡಿ."

"ಏನಮ್ಮಾ ತಮಾಷೆ! ಕ್ಯಾಮೆರಾ ಇರತ್ತಲ್ಲ, ಮೇಣದಬತ್ತಿ..."

"ಹಚ್ಚೋರು ಬೇರೆಯವರು."

ಪ್ಯೊ ಪೆನ್ಸಿಲ್‌ಗೆ ಮುಚ್ಚಳ ಹಾಕಿದಳು. ವೈದ್ಯ, ಯಂತ್ರದ ತಲೆಯನ್ನು ಕೆನ್ನೆಗೆ ಒತ್ತಿ, ಬಿಸಿ ತಡೆಯಲಾಗದಿದ್ದರೆ ಕೈ ಎತ್ತಲು ಹೇಳಿದ. ಅವಳು ಕೊನೆಯವರೆಗೂ ಎತ್ತಲಿಲ್ಲ.

ಆನ್ಯಾಂಗ್ ಮಾರುಕಟ್ಟೆಯ ಬಾಗಿಲುಗಳೆಲ್ಲ ಮುಚ್ಚಿದ್ದವು. ತನ್ನ ಅಂಗಡಿಯ ಶಟರನ್ನು ಅರ್ಧ ಎತ್ತಿ ಬಗ್ಗಿ ಒಳಗೆ ಹೋದಳು. ಎಣ್ಣೆಗಾಯಿಗೆ ಬದನೆ ಸೀಳುವ ಹಾಗೆ ಸೀಳಿ ಬೆಳಿಗ್ಗೆ ಉಪ್ಪು ಹಚ್ಚಿಟ್ಟಿದ್ದ ಸೌತೆಕಾಯಿ ನೀರು ಬಿಟ್ಟಿತ್ತು. ಅವಳು ಕೈಗವಸು ಹಾಕಿಕೊಂಡು ಖಾರ ತುಂಬತೊಡಗಿದಳು. ಫೋನ್ ಬಂದಾಗ ಮೊಣಕೈಯಿಂದ ಒತ್ತಿ ಸ್ಪೀಕರಿಗೆ ಹಾಕಿದಳು.

"ಅಮ್ಮಾ, ನಾಳೆ ಬುಧವಾರ. ಮರೀಬೇಡ."

"ಇವತ್ತೇ ಹೋಗ್ಬಂದೆ. ಅಂಗಡಿ ರಜೆ ಇತ್ತಲ್ಲ."

"ಇವತ್ತಾ?" ಎಂದಳು ದಸೊಮ್. "ಅಲ್ಲಿ... ಯಾರಾದ್ರೂ ಸಿಕ್ಕಿದ್ರಾ?"

"ಎಲ್ರ ಮುಖಕ್ಕೂ ಕ್ರೀಮ್ ಬಳಿದಿರ್ತಾರೆ. ಯಾರು ಯಾರು ಅಂತ ಗೊತ್ತಾಗಲ್ಲ." ಅವಳು ಇನ್ನೊಂದು ಸೌತೆಕಾಯಿ ಎತ್ತಿಕೊಂಡಳು. "ಕುರ್ಚೀಲಿ ಅವರೇ ಕೂರ್ಲಿ ದಸೊಮ್. ನಾನು ಹಿಂದೆ ಕೂರ್ತೀನಿ."

ಅವಳು ತುಂಬಿದ ಸೌತೆಕಾಯಿಯನ್ನು ತಟ್ಟೆಗೆ ಇಟ್ಟಳು.

"ಈ ಸಲ ಎರಡು ಡಬ್ಬಿ ಕಳಿಸ್ತೀನಿ. ಮೂಲಂಗಿದು ನಿನಗೆ. ಸೌತೆಕಾಯಿದು ತಿನ್ನೋರಿಗೆ."

"ಅಮ್ಮಾ..."

ಉಪ್ಪು ನೋಡಲು ಅವಳು ತುಂಬಿದ್ದೊಂದನ್ನು ಎತ್ತಿ ಕಚ್ಚಿದಳು. ಅಂಗಡಿಯಲ್ಲಿ ಕಟಕಟ ಸದ್ದಾಯಿತು. ಉಪ್ಪು ಸರಿಯಾಗಿತ್ತು. ಇನ್ನೂ ಮರಗಟ್ಟಿದ್ದ ಮೇಲ್ತುಟಿಗೆ ಮೆತ್ತಿಕೊಂಡ ಕೆಂಪು ಖಾರ ಉರಿಯಲಿಲ್ಲ. ಅದನ್ನು ಒರೆಸದೆಯೇ ಅವಳು ದೊಡ್ಡ ಡಬ್ಬಿಯನ್ನು ತೊಳೆದು ಬೋರಲು ಹಾಕಿದಳು.