ನೀಲಿ ಮಿನುಗಿನ ಜೋಡಿ

ಆಯುಧಪೂಜೆ ಬಂದರೆ ನಮ್ಮತ್ತೆ ಪಿಳ್ಳಮ್ಮ ಮನೆಯ ಯಾವ ಸಾಮಾನನ್ನೂ ಬಿಡುವವರಲ್ಲ. ಆ ವರ್ಷ ಕುಡುಗೋಲು, ಈಳಿಗೆಮಣೆಯ ಪಕ್ಕಕ್ಕೆ ಯಜಮಾನರ ರೇಡಿಯೊ ವಾಲ್ವುಗಳ ತಟ್ಟೆಯೂ ಬಂತು. ಆರು ಗಾಜಿನ ಬುರುಡೆಗಳನ್ನೂ ಒರೆಸಿ ಕುಂಕುಮ ಇಟ್ಟವಳು ನಾನು. ಎರಡರ ಮೇಲಿದ್ದ ಸೀಮೆಸುಣ್ಣದ ಗೀಟನ್ನು ಧೂಳೆಂದುಕೊಂಡೆ.

ಯಜಮಾನರು ದೇವನಹಳ್ಳಿಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದರು. ಗಿಟಾರಿಗೆಂದು ಆಂಪ್ಲಿಫೈಯರ್ ಕಟ್ಟಿದ್ದು ಅದೇ ಮೊದಲು. ಹಲಸಿನ ಹಲಗೆಯ ಪೆಟ್ಟಿಗೆ, ಒಳಗಿನ ಒಂದೊಂದು ತಂತಿಯೂ ಅವರೇ ಬೆಸೆದದ್ದು. ಸಂಜೆಯೆಲ್ಲ ಅದರ ಮುಂದೆ ಕೂರುತ್ತಿದ್ದರು. ಬೆಂಕಿಯ ಭಯಕ್ಕೆ ನಾನು ಮರಳಿನ ಬಕೆಟ್ಟು ಇಟ್ಟುಕೊಂಡು ಅಡುಗೆಮನೆ ಬಾಗಿಲಿನಿಂದ ನೋಡುತ್ತಿದ್ದೆ.

ಮಾಡಿಸಿದವನು ಬೆಂಗಳೂರಿನ ಆರ್ಕೆಸ್ಟ್ರಾದ ವೆಂಕಟರಾಮಪ್ಪ. ಪೂಜೆಯ ಮರುದಿನ ಗಿಟಾರು ಹೊತ್ತು ಬಂದ. ನುಡಿಸಿ ನೋಡಿ, ಒಪ್ಪಿಗೆಯಾದರೆ ಒಯ್ಯುವುದೆಂದು ಮಾತಾಗಿತ್ತು.

ಯಜಮಾನರು ತಟ್ಟೆ ನೋಡಿ, "ಗೀಟೆಲ್ಲಿ?" ಅಂದರು.

"ಒರೆಸ್ಬಿಟ್ಟೆ."

"ಈ ಪೆಟ್ಟಿಗೆ ದನಿಗೇಂತ ಆರು ತಿಂಗ್ಳು ಹುಡುಕಿದ ಜೋಡಿ ಕಣೇ ಅದು." ಬಯ್ಯಲಿಲ್ಲ.

"ಯಾವ್ದೋ ಎರಡು ಹಾಕು ಗುರು. ಎಲ್ಲಾ ಒಂದೇ ಥರ ಅವೆ," ಅಂದ ವೆಂಕಟರಾಮಪ್ಪ.

"ಹಂಗಾದ್ರೆ ಅಂಗ್ಡೀಲೇ ತಗೋಬೋದಿತ್ತಲ್ಲಪ್ಪಾ."

ಕೈಗೆ ಸಿಕ್ಕ ಎರಡನ್ನು ಹಾಕಿದರು. ದನಿ ಮಂಕಾಗಿ ಗುಂಯ್ಗುಟ್ಟಿತು. ವೆಂಕಟರಾಮಪ್ಪ ಮುಖ ತಿರುಗಿಸಿ ಗಿಟಾರಿನ ತಂತಿ ಒರೆಸತೊಡಗಿದ.

ಆಗ ನೆನಪಾಯಿತು. ಆ ಜೋಡಿ ಬಿಸಿಯಾದಾಗ ಗಾಜಿನೊಳಗೆ ನೀಲಿ ಮಿನುಗು ಹರಡುತ್ತಿತ್ತು. ಹೊತ್ತಿಕೊಂಡಿತೆಂದು ನಾನು ಕೂಗಿದಾಗ ಯಜಮಾನರು ನಕ್ಕಿದ್ದರು.

"ಕಿಟಕಿ ಮುಚ್ಚಿ," ಅಂದೆ. "ಒಂದೊಂದಾಗಿ ಬದಲಾಯಿಸಿ, ನಾನು ನೋಡ್ತೀನಿ."

ಕತ್ತಲಾದ ಕೋಣೆಯಲ್ಲಿ ನಾಲ್ಕು ಬರೀ ಕೆಂಪಗೆ ಉರಿದವು. ಎರಡರಲ್ಲಿ ಮಾತ್ರ ನೀಲಿ ಕಂಡಿತು. "ಇವೇ."

ಅವನ್ನು ಹಾಕಿದ ಮೇಲೆ ವೆಂಕಟರಾಮಪ್ಪ ಮೆಲ್ಲಗೆ ಮೀಟಿದ. ತಿಳಿಯಾದ ದನಿ. ಜೋರಾಗಿ ಮೀಟಿದ. ಏರುದನಿಯಲ್ಲಿ ಹಾಡುವವರ ಗಂಟಲು ಒಡೆಯುವಂತೆ ಅದು ಒಡೆದು, ಬಹಳ ಹೊತ್ತು ನಿಂತಿತು. ಕುಂಕುಮ ಕಾದ ವಾಸನೆಯೂ ಬಂತು.

"ಗಂಟ್ಲು ಒಡೀತದಲ್ಲ, ಅದೇ ಗುರು ನಂಗೆ ಬೇಕಿದ್ದಿದ್ದು. ಅಂಗ್ಡಿ ಪೆಟ್ಟಿಗೇಲಿ ಇದು ಬರಲ್ಲ."

"ಒಡಕು ದನಿಗೆ ಇಷ್ಟು ಹಿಗ್ಗೇನೋ?" ಅಂದರು ಅತ್ತೆ.

ಸಂಜೆಯ ಬಸ್ಸಿನಲ್ಲಿ ಪೆಟ್ಟಿಗೆ ಬೆಂಗಳೂರಿಗೆ ಹೋಯಿತು. ಇನ್ನೊಂದು ಬೇಕೆಂದು ವೆಂಕಟರಾಮಪ್ಪ ಹೇಳಿ ಹೋಗಿದ್ದ, ಗೆಳೆಯನಿಗಂತೆ.

"ಮುಂದಿನ ಜೋಡಿ ಹುಡುಕೋವಾಗ ಹತ್ರಾನೇ ಕೂತ್ಕೋ," ಅಂದರು ಯಜಮಾನರು.

ಕೂತೆ. ಮರಳಿನ ಬಕೆಟ್ಟನ್ನೂ ಜೊತೆಗೆ ಎಳೆದುಕೊಂಡೆ.